ಗಿರ್ಮಿಟ್ ಹಡಗಿನಲ್ಲಿ ಸರ್ಕಾರ ಎಲ್ಲಿ ಕೂತಿತ್ತು?

ಕಳೆದ ಸಂಚಿಕೆಯಲ್ಲಿ ಮಾರಿಷಸ್‌ನ ಆಪ್ರವಾಸಿ ಘಾಟ್ ಬಗ್ಗೆ ಒಂದು ಪುಟ್ಟ ಉತ್ತರ ಬರೆದಿದ್ದೆ. ಪೋರ್ಟ್ ಲೂಯಿಸ್ ಬಂದರಿನಲ್ಲಿ ನಮ್ಮ ದೇಶದ ಗಿರ್ಮಿಟ್ ಜನ ಹಡಗಿನಿಂದ ಇಳಿದು ಹತ್ತಿದ ಕಲ್ಲಿನ ಮೆಟ್ಟಿಲು ಇರುವ ಜಾಗ ಅದು, 2006ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ ಅಂತ, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಹುಪಾಲು ಜನ ಕೇಳಿದ್ದು ಒಂದೇ: ಆ ಹಡಗಿನೊಳಗೆ ಏನು ನಡೆಯುತ್ತಿತ್ತು, ನೋಡಿಕೊಳ್ಳೋಕೆ ಸರ್ಕಾರದವರು ಯಾರೂ ಇರಲಿಲ್ವಾ? ಈ ಸಲದ ಅಂಕಣ ಪೂರ್ತಿ ಅದಕ್ಕೇ. ಗ್ಯಾಸ್ಟ್ರಿಕ್ ಮತ್ತು ಗುಲಾಬಿ ಗಿಡದ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಬೇಕು.

ಪ್ರ: ಮೇಡಂ, ನೀವು ‘ಗಿರ್ಮಿಟ್ ಜನ’ ಅಂತ ಬರೆದದ್ದು ಓದಿ ಮನೆಮಂದಿಯೆಲ್ಲ ನಕ್ಕೆವು. ನಮ್ಮ ಕಡೆ ಗಿರ್ಮಿಟ್ ಅಂದ್ರೆ ಚುರಮುರಿ, ಜೊತೆಗೆ ಮಿರ್ಚಿ. ಇದ್ಯಾವ ಗಿರ್ಮಿಟ್? (ಹುಬ್ಬಳ್ಳಿಯ ಓದುಗರು)

ನಗಬೇಕಾದ್ದೇ, ನನಗೂ ಬರೆಯುವಾಗ ಬಾಯಲ್ಲಿ ನೀರು ಬಂದಿತ್ತು. ಈ ಗಿರ್ಮಿಟ್ ಬೇರೆ. ‘ಅಗ್ರಿಮೆಂಟ್’ ಅನ್ನುವ ಪದ ಬಿಹಾರ, ಪೂರ್ವ ಉತ್ತರ ಪ್ರದೇಶದ ಹಳ್ಳಿಗರ ಬಾಯಲ್ಲಿ ಸವೆದು ಸವೆದು ಗಿರ್ಮಿಟ್ ಆಯಿತು. ದೂರದ ದ್ವೀಪದ ಕಬ್ಬಿನ ತೋಟದಲ್ಲಿ ಸಾಮಾನ್ಯವಾಗಿ ಐದು ವರ್ಷ ದುಡಿಯುತ್ತೇನೆ ಅನ್ನುವ ಕರಾರು. ಒಪ್ಪಿ ಹೋದವರು ಗಿರ್ಮಿಟಿಯಾಗಳು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ನಿಂತ ಮೇಲೆ ತೋಟದ ಸಾಹುಕಾರರಿಗೆ ಆಳು ಬೇಕಿತ್ತು. 1834ರ ನವೆಂಬರ್ 2ರಂದು ಅಟ್ಲಾಸ್ ಅನ್ನುವ ಹಡಗು 36 ಜನರನ್ನು ಮಾರಿಷಸ್‌ನಲ್ಲಿ ಇಳಿಸಿತು. ಅಲ್ಲಿಂದ 1917ರಲ್ಲಿ ನಿಲ್ಲುವವರೆಗೆ ಮಾರಿಷಸ್, ಗಯಾನಾ, ಟ್ರಿನಿಡಾಡ್, ಸುರಿನಾಮ್, ನಟಾಲ್, ಫಿಜಿ ಹೀಗೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಹೋದರು.

ಇನ್ನೊಂದು ಮಾತು. ನಮ್ಮ ‘ಕೂಲಿ’ ಮರ್ಯಾದೆಯ ಪದ, ದುಡಿದದ್ದಕ್ಕೆ ಸಿಗುವ ಹಣ. ಅದೇ ಪದ ಆ ದ್ವೀಪಗಳಲ್ಲಿ ಬೈಗುಳವಾಗಿ ಮೂರು ತಲೆಮಾರು ಜನರ ಬೆನ್ನು ಹತ್ತಿತ್ತು. ಅಲ್ಲಿಯ ಭಾರತೀಯರ ಎದುರು ಆಡುವಾಗ ಹುಷಾರು.

ಪ್ರ: ಹಡಗಿನ ಪ್ರಯಾಣಿಕರ ಬಗ್ಗೆ ಕಾನೂನು ಬೇಕು ಅಂತ ಮೊದಲು ಹೊಳೆದದ್ದು ಯಾರಿಗೆ? ಗಿರ್ಮಿಟ್ ಜನರಿಗೋಸ್ಕರ ಮಾಡಿದ್ದಾ? (ಮೈಸೂರಿನ ಓದುಗರು)

ಅಲ್ಲ ರಾಯರೇ, ಅದಕ್ಕೂ ಮುಂಚೆ. ಮೊದಲು ಮಾಡಿದ್ದು ಬಿಳಿಯರಿಗೆ. ಸ್ಕಾಟ್ಲೆಂಡ್, ಐರ್ಲೆಂಡ್‌ನ ಬಡವರು ಅಮೆರಿಕಾ, ಕೆನಡಾಕ್ಕೆ ಹೋಗುವಾಗ ಸರಕಿನ ಹಾಗೆ ತುಂಬಿಸಿಕೊಂಡು ಹೋಗುತ್ತಿದ್ದರು. 1803ರಲ್ಲಿ ಬ್ರಿಟನ್ ಸಂಸತ್ತು ಪ್ಯಾಸೆಂಜರ್ ಕಾಯ್ದೆ ತಂದಿತು: ಹಡಗಿನ ಗಾತ್ರವನ್ನು ಟನ್ ಲೆಕ್ಕದಲ್ಲಿ ಹಿಡಿದು, ಎರಡು ಟನ್‌ಗೆ ಒಬ್ಬರಂತೆ ಮಾತ್ರ ಹತ್ತಿಸಬೇಕು. ಕೇಳೋಕೆ ಎಷ್ಟು ಚೆಂದ. ಆದರೆ ಅದರ ಹಿಂದೆ ಒತ್ತಾಯ ಹಾಕಿದವರಲ್ಲಿ ಸ್ಕಾಟ್ಲೆಂಡ್‌ನ ಜಮೀನುದಾರರೂ ಇದ್ದರು. ಒಕ್ಕಲುಗಳೆಲ್ಲ ಹಡಗು ಹತ್ತಿದರೆ ಇವರ ಹೊಲದಲ್ಲಿ ದುಡಿಯೋರು ಯಾರು? ಕಡಿಮೆ ಜನ ಹತ್ತಿದರೆ ಟಿಕೆಟ್ ದುಬಾರಿಯಾಗುತ್ತದೆ, ಟಿಕೆಟ್ ದುಬಾರಿಯಾದರೆ ಬಡವ ಊರಲ್ಲೇ ಉಳಿಯುತ್ತಾನೆ. ಕರುಣೆಯೂ ಇತ್ತು, ಲೆಕ್ಕಾಚಾರವೂ ಇತ್ತು ಅನ್ನೋಣ.

ಆಮೇಲೆ ಜನಸಂಖ್ಯೆ ಹೆಚ್ಚಾಯ್ತು, ಹೋದರೆ ಹೋಗಲಿ ಅನ್ನುವ ಕಾಲ ಬಂತು. ಕಾನೂನೂ ಸಡಿಲವಾಗುತ್ತಾ ಹೋಯ್ತು. 1827ರಲ್ಲಿ ಇದ್ದ ನಿಯಮಗಳನ್ನೆಲ್ಲ ರದ್ದೇ ಮಾಡಿಬಿಟ್ಟರು. ಮರುವರ್ಷವೇ ವಾಪಸ್ ತರಬೇಕಾಯಿತು. 1828ರ ಕಾಯ್ದೆಯಲ್ಲಿ ನಾಲ್ಕು ಟನ್‌ಗೆ ಮೂವರು ಇರಬಹುದು, ಹಡಗಿನ ಎರಡು ಅಟ್ಟಗಳ, ಅಂದರೆ ಡೆಕ್‌ಗಳ, ನಡುವೆ ಐದೂವರೆ ಅಡಿ ಎತ್ತರ ಇರಬೇಕು. ಐದೂವರೆ ಅಡಿ! ನಮ್ಮ ಮನೆಯ ಅಟ್ಟದ ಕೆಳಗಿನ ಸ್ಟೋರ್‌ರೂಮಿನಲ್ಲಿ ನಡೆದಾಡಿದ ಹಾಗೆ. 1842ರಲ್ಲಿ ಅದನ್ನು ಆರು ಅಡಿ ಮಾಡಿದರು, ಜೊತೆಗೆ ತಲೆಗೆ ದಿನಕ್ಕೆ ಮೂರು ಕ್ವಾರ್ಟ್ ನೀರು, ಅಂದರೆ ಹೆಚ್ಚುಕಡಿಮೆ ಮೂರೂವರೆ ಲೀಟರ್, ವಾರಕ್ಕೆ ಏಳು ಪೌಂಡ್ ಬ್ರೆಡ್ಡು, ಹಿಟ್ಟು, ಓಟ್ಸ್, ಅಕ್ಕಿ ಇಂಥದ್ದು ಏನಾದರೂ ಕೊಡಬೇಕು ಅಂತ ಬರೆದರು. ಆ ಮೂರೂವರೆ ಲೀಟರಿನಲ್ಲೇ ಕುಡಿಯಬೇಕು, ಬೇಯಿಸಬೇಕು, ಮೈ ಒರೆಸಿಕೊಳ್ಳಬೇಕು.

ಕಾನೂನು ಇದ್ದರೆ ಸಾಕಾ, ನೋಡುವ ಮನುಷ್ಯ ಬೇಡ್ವಾ? 1833ರಲ್ಲಿ ಲಿವರ್‌ಪೂಲ್ ಬಂದರಿಗೆ ರಾಬರ್ಟ್ ಲೋ ಅನ್ನುವ ನೌಕಾಪಡೆಯ ಲೆಫ್ಟಿನೆಂಟ್ ಒಬ್ಬನನ್ನು ಹಾಕಿದರು. ಆಮೇಲೆ ಬೇರೆ ಬಂದರುಗಳಿಗೂ ಇಂಥ ಅಧಿಕಾರಿಗಳು ಬಂದರು. 1840ರಲ್ಲಿ ವಸಾಹತುಗಳ ಜಮೀನು ಮತ್ತು ವಲಸೆ ನೋಡಿಕೊಳ್ಳಲು ಲಂಡನ್ನಿನಲ್ಲಿ ಒಂದು ಆಯೋಗವೇ ಶುರುವಾಯಿತು. ನಮ್ಮವರ ಹಡಗುಗಳ ಮೇಲಿನ ನಿಗಾ ಕೂಡ ಕೊನೆಗೆ ಅದೇ ಆಯೋಗದ ಮೇಜಿಗೆ ಬಂತು.

ಪ್ರ: ಹತ್ತುವ ಮುಂಚೆ ಡಾಕ್ಟರ್ ಪರೀಕ್ಷೆ ಕಡ್ಡಾಯ ಇತ್ತು ಅಂತ ಎಲ್ಲೋ ಓದಿದೆ. ಹಾಗಿದ್ದರೆ 1847ರಲ್ಲಿ ಐರ್ಲೆಂಡ್‌ನವರು ಅಷ್ಟು ಜನ ಯಾಕೆ ಸತ್ತರು? (ಸಾಗರದ ಓದುಗರು)

ಲಿವರ್‌ಪೂಲ್‌ನ ಡಾಕ್ಟರ್ ಪರೀಕ್ಷೆ ಹೇಗಿತ್ತು ಅಂತ ಹೇಳ್ತೀನಿ, ನೀವೇ ತೀರ್ಮಾನ ಮಾಡಿ. ಒಂದು ಕಿಟಕಿ. ಒಳಗೆ ಡಾಕ್ಟರ್, ಹೊರಗೆ ಉದ್ದನೆಯ ಸಾಲು. ಹೆಸರೇನು, ಹುಷಾರಿದ್ದೀಯಾ, ನಾಲಿಗೆ ತೋರಿಸು, ಸರಿ ಮುಂದೆ ಹೋಗು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಟಿಕೆಟ್ ಮೇಲೆ ಮುದ್ರೆ. ನೂರು ಜನರನ್ನು ನೋಡಿದರೆ ಒಂದು ಪೌಂಡ್ ಸಿಗುತ್ತಿತ್ತು. ನಾಲಿಗೆ ಎಣಿಸಿದಷ್ಟು ಲಾಭ, ನಿಧಾನ ಮಾಡಿದರೆ ನಷ್ಟ. ಸಂತೆಯಲ್ಲಿ ದನ ಕೊಳ್ಳುವವನಾದರೂ ಹಲ್ಲು ಬಿಡಿಸಿ ನೋಡುತ್ತಾನೆ, ಅಲ್ವಾ?

ಇನ್ನು 1847. ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಿತ್ತು, ಆ ಒಂದೇ ವರ್ಷ ಸುಮಾರು ಒಂದು ಲಕ್ಷ ಜನ ಕೆನಡಾ ಕಡೆ ಹೊರಟರು. ಹತ್ತುವಾಗಲೇ ಅರ್ಧ ಹೊಟ್ಟೆ, ಮೈಯಲ್ಲಿ ಹೇನು, ಹೇನಿನಿಂದ ಟೈಫಸ್ ಜ್ವರ. ಕ್ವಿಬೆಕ್ ಹತ್ತಿರದ ಗ್ರಾಸ್ ಐಲ್ ಅನ್ನುವ ಕ್ವಾರಂಟೈನ್ ದ್ವೀಪದ ಮುಂದೆ ಹಡಗುಗಳು ಸಾಲುಗಟ್ಟಿ ನಿಂತವು. ಆ ಬೇಸಿಗೆಯಲ್ಲಿ 5,000ಕ್ಕೂ ಹೆಚ್ಚು ಜನರನ್ನು ಆ ಒಂದೇ ದ್ವೀಪದಲ್ಲಿ ಹೂಳಿದರು. ಸಮುದ್ರಕ್ಕೆ ಬಿಟ್ಟವರ ಲೆಕ್ಕ ಬೇರೆ.

ಆಗ ಇಬ್ಬರು ಒಂದು ಕೆಲಸ ಮಾಡಿದರು, ನನಗೆ ಈ ಇಡೀ ಕಥೆಯಲ್ಲಿ ಅವರೇ ಇಷ್ಟ. ಸ್ಟೀಫನ್ ಡಿ ವೆರ್ ಅನ್ನುವ ಐರಿಷ್ ಜಮೀನುದಾರ 1847ರಲ್ಲಿ ಬಡವರ ಜೊತೆಗೇ ಕೆಳ ಅಟ್ಟದಲ್ಲಿ ಪ್ರಯಾಣ ಮಾಡಿ, ಕಂಡದ್ದನ್ನೆಲ್ಲ ಪತ್ರ ಬರೆದ. ಅದನ್ನು ಲಂಡನ್ನಿನಲ್ಲಿ ಸಂಸತ್ತಿನ ಮುಂದೆ ಓದಿದರು, ನಿಯಮ ಬಿಗಿಯಾಯಿತು. ಇನ್ನೊಬ್ಬ ವೆರ್ ಫಾಸ್ಟರ್. 1850ರಲ್ಲಿ ವಾಷಿಂಗ್ಟನ್ ಅನ್ನುವ ಹಡಗಿನಲ್ಲಿ ನ್ಯೂಯಾರ್ಕಿಗೆ ಹೊರಟ. ಟಿಕೆಟ್ಟಿನಲ್ಲಿ ಬರೆದಷ್ಟು ರೇಷನ್ ಕೊಡಿ ಅಂತ ಪ್ರಯಾಣಿಕರ ಪರವಾಗಿ ಕಾಗದ ಹಿಡಿದುಕೊಂಡು ಹೋದರೆ, ಹಡಗಿನ ಮೇಟ್, ಅಂದರೆ ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ, ಅವನನ್ನೇ ಹೊಡೆದು ಕೆಡವಿದ. ಗಮನಿಸಿ, ಕಾನೂನಿನ ಪ್ರಕಾರ ಆ ರೇಷನ್ ಅವರ ಹಕ್ಕು. ಆದರೆ ಬಂದರಿನ ಅಧಿಕಾರಿ ಬಂದರಿನಲ್ಲೇ ಇಳಿದುಹೋಗಿರುತ್ತಾನೆ. ದಡ ಕಣ್ಮರೆಯಾದ ಮೇಲೆ ಹಡಗಿನಲ್ಲಿ ಉಳಿಯುವ ಸರ್ಕಾರ ಯಾರು? ಕ್ಯಾಪ್ಟನ್ನೇ.

ಪ್ರ: ಹಾಗಾದರೆ ಹಡಗಿನಲ್ಲೇ ಇರುವ ಡಾಕ್ಟರ್? ಅವನು ಸರ್ಕಾರದವನಾ, ಹಡಗಿನ ಯಜಮಾನನ ಕಡೆಯವನಾ? ನಾನೂ ವೈದ್ಯ ವೃತ್ತಿಯವನು, ಕುತೂಹಲ. (ದಾವಣಗೆರೆಯ ಓದುಗರು)

ಡಾಕ್ಟರೇ, ಈ ಪ್ರಶ್ನೆಗೆ ಜಾಸ್ತಿ ಜಾಗ ಕೊಡ್ತೀನಿ, ಇಡೀ ವಿಷಯದ ಗುಟ್ಟು ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಶುರುವಾಗಿದ್ದು ಕೈದಿಗಳ ಹಡಗಿನಿಂದ. 1790ರಲ್ಲಿ ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಎರಡನೇ ಸಲ ಕೈದಿಗಳನ್ನು ಸಾಗಿಸಿದಾಗ ಗುತ್ತಿಗೆದಾರರಿಗೆ ದುಡ್ಡು ಗೊತ್ತುಮಾಡಿದ್ದು ಹತ್ತಿಸಿಕೊಂಡ ತಲೆ ಲೆಕ್ಕದಲ್ಲಿ. ಇಳಿದವರು ಎಷ್ಟು ಅಂತ ಯಾರೂ ಕೇಳುವ ಹಾಗಿರಲಿಲ್ಲ. ಸತ್ತವನ ಪಾಲಿನ ರೇಷನ್ ಉಳಿಯುತ್ತದೆ, ಸಿಡ್ನಿಯಲ್ಲಿ ಅದನ್ನು ಮಾರಿಕೊಳ್ಳಬಹುದು. ಸುಮಾರು ಸಾವಿರ ಕೈದಿಗಳಲ್ಲಿ ಕಾಲುಭಾಗ ದಾರಿಯಲ್ಲೇ ಸತ್ತರು. ಆಮೇಲೆ ದುಡ್ಡಿನ ಒಂದು ಪಾಲನ್ನು ಜೀವಂತ ಇಳಿಸಿದ ತಲೆಗೆ ಕಟ್ಟಿದರು, ಸಾವು ಕಡಿಮೆಯಾದವು. ಅದೇ ಸಮುದ್ರ, ಅದೇ ಬಿಸ್ಕತ್ತು.

1814ರಲ್ಲಿ ಮತ್ತೆ ಮೂರು ಹಡಗುಗಳಲ್ಲಿ ಜ್ವರ ಬಂದು ತುಂಬಾ ಜನ ಸತ್ತರು. ಸಿಡ್ನಿಯಲ್ಲಿ ವಿಲಿಯಂ ರೆಡ್‌ಫರ್ನ್ ಅನ್ನುವ ಡಾಕ್ಟರ್ ವರದಿ ಬರೆದ. ಈತನೂ ಹಿಂದೆ ಕೈದಿಯೇ, 1797ರ ನೌಕಾಪಡೆಯ ದಂಗೆಯಲ್ಲಿ ಸಿಕ್ಕಿಬಿದ್ದು ಗಡಿಪಾರಾದವನು. ಹಾಗಾಗಿ ಕೆಳ ಅಟ್ಟದ ವಾಸನೆ ಅವನಿಗೆ ಪುಸ್ತಕದಿಂದ ಗೊತ್ತಾಗಬೇಕಿರಲಿಲ್ಲ. ಅವನು ಹೇಳಿದ್ದು ಇಷ್ಟು: ಪ್ರತಿ ಹಡಗಿಗೂ ಸರ್ಕಾರವೇ ನೌಕಾಪಡೆಯ ಡಾಕ್ಟರನ್ನು ನೇಮಿಸಲಿ, ಅವನು ಕ್ಯಾಪ್ಟನ್ ಕೈಕೆಳಗಿನ ಆಳಾಗಿರದೆ ಸರ್ಕಾರಕ್ಕೆ ಉತ್ತರ ಹೇಳುವವನಾಗಿರಲಿ. 1815ರಿಂದ ಹಾಗೇ ಆಯಿತು. ಆ ಹುದ್ದೆಯ ಹೆಸರು ಸರ್ಜನ್ ಸೂಪರಿಂಟೆಂಡೆಂಟ್. ಮುಂದೆ ಸರ್ಕಾರದ ಖರ್ಚಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ವಲಸಿಗರ ಹಡಗಿಗೂ, ನಮ್ಮವರ ಹಡಗಿಗೂ ಅದೇ ಹುದ್ದೆ ಬಂತು.

ಅವನ ಕೆಲಸ ಏನೇನು ಅಂತೀರಿ? ಬೆಳಿಗ್ಗೆ ಎದ್ದು ಕೆಳ ಅಟ್ಟಕ್ಕೆ ಇಳಿದು ನೋಡಬೇಕು, ಎಲ್ಲರನ್ನೂ ಮೇಲೆ ಹತ್ತಿಸಿ ಗಾಳಿಗೆ ಬಿಡಬೇಕು, ಅಟ್ಟ ಉಜ್ಜಿಸಬೇಕು, ಅಕ್ಕಿ ಬೇಳೆ ಅಳೆಯುವಾಗ ಮುಂದೆ ನಿಂತಿರಬೇಕು, ದಿನಾ ಡೈರಿ ಬರೆಯಬೇಕು. ಜನ ಮಂಕಾಗಿ ಕೂರಬಾರದು ಅಂತ ಹಡಗಿಗೆ ಡೋಲಕ್‌ಗಳನ್ನೂ ಹಾಕಿ ಕಳಿಸುತ್ತಿದ್ದರು. ಜೊತೆಗೊಬ್ಬ ಕಂಪೌಂಡರ್, ಭಾಷೆ ಬಲ್ಲವನೊಬ್ಬ. ಸಂಬಳದ ರೀತಿಯೇ ಮುಖ್ಯ: ಜೀವಂತ ಇಳಿದ ತಲೆಗೆ ಇಂತಿಷ್ಟು ಶಿಲಿಂಗ್. ಪ್ರಯಾಣದ ಅನುಭವ ಹೆಚ್ಚಿದ ಹಾಗೆ ದರವೂ ಹೆಚ್ಚು. ಸತ್ತವನಿಗೆ ಏನೂ ಇಲ್ಲ. ಆ ಕಡೆ ಬಂದರಿನ ವಲಸೆ ಅಧಿಕಾರಿ ಒಳ್ಳೆಯ ವರದಿ ಕೊಡದಿದ್ದರೆ ಬಕ್ಷೀಸಿಗೆ ಕತ್ತರಿ.

ಇದನ್ನು ಓದಿ ನಿಮಗೆ ಬೇಜಾರಾಗಬಹುದು, ವೈದ್ಯನಿಗೆ ಜೀವ ಉಳಿಸೋಕೆ ತಲೆಗಿಷ್ಟು ಅಂತ ಕೊಡಬೇಕಿತ್ತಾ ಅಂತ. ನನಗೂ ಆಯ್ತು. ಆದರೆ ಲಿವರ್‌ಪೂಲ್ ಕಿಟಕಿಯ ಡಾಕ್ಟರನ್ನೂ ಇವನನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ಇಬ್ಬರದ್ದೂ ಅದೇ ಓದು. ಅವನಿಗೆ ನಾಲಿಗೆ ಲೆಕ್ಕ, ಇವನಿಗೆ ಉಸಿರಿನ ಲೆಕ್ಕ.

ಇಷ್ಟಾದರೂ ಡಾಕ್ಟರ್ ದೊಡ್ಡವನಾ ಕ್ಯಾಪ್ಟನ್ ದೊಡ್ಡವನಾ ಅನ್ನುವ ಜಗಳ ಕೊನೆಯವರೆಗೂ ಮುಗಿಯಲಿಲ್ಲ. ಜನ ಡಾಕ್ಟರ್ ಪಾಲಿಗೆ, ಹಡಗು ಕ್ಯಾಪ್ಟನ್ ಪಾಲಿಗೆ ಅಂತ ಕಾಗದದಲ್ಲಿತ್ತು. ಜನ ಮಲಗಿದ್ದು ಹಡಗಿನಲ್ಲೇ ತಾನೇ!

ಪ್ರ: ಭಾರತದಿಂದ ಹೋದ ಹಡಗುಗಳಿಗೆ ನಿಜವಾಗಿ ಯಾವ ನಿಯಮ ಇತ್ತು? ತಲೆಗೆ ಎಷ್ಟು ಜಾಗ? (ತುಮಕೂರಿನ ಓದುಗರು)

ಕಥೆ ಚಿಕ್ಕದು ಮಾಡ್ತೀನಿ. ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ವ್ಯಾಪಾರಿಗಳದ್ದೇ ರಾಜ್ಯ. 1837ರಲ್ಲಿ ಕಲ್ಕತ್ತಾ ಸರ್ಕಾರ ಒಂದು ಕಾಯ್ದೆ ಮಾಡಿತು, ಹೋಗುವವರು ಅಧಿಕಾರಿಯ ಮುಂದೆ ನಿಂತು ಒಪ್ಪಿಗೆ ಹೇಳಬೇಕು ಅಂತ. 1838ರಲ್ಲಿ ವಿಟ್‌ಬಿ, ಹೆಸ್ಪೆರಸ್ ಅನ್ನುವ ಎರಡು ಹಡಗು ಬ್ರಿಟಿಷ್ ಗಯಾನಾಕ್ಕೆ ಹೋದವು. ತರಿಸಿಕೊಂಡವರಲ್ಲಿ ಮುಖ್ಯ ಜಾನ್ ಗ್ಲಾಡ್‌ಸ್ಟನ್, ಮುಂದೆ ಬ್ರಿಟನ್ ಪ್ರಧಾನಿಯಾದ ಗ್ಲಾಡ್‌ಸ್ಟನ್‌ನ ಅಪ್ಪ. ತೋಟಗಳಲ್ಲಿ ಹೊಡೆತ, ಸಾವುಗಳ ಸುದ್ದಿ ಹೊರಬಿದ್ದು ಗುಲಾಮಗಿರಿ ವಿರೋಧಿಗಳು ಗದ್ದಲ ಎಬ್ಬಿಸಿದರು, ರಫ್ತು ನಿಂತಿತು. ‘ರಫ್ತು’ ಅಂತ ಬೇಕೆಂದೇ ಬರೆದೆ. 1842ರಲ್ಲಿ ಮಾರಿಷಸ್‌ಗೆ, 1844ರಲ್ಲಿ ಜಮೈಕಾ, ಟ್ರಿನಿಡಾಡ್, ಗಯಾನಾಕ್ಕೆ ಮತ್ತೆ ಬಾಗಿಲು ತೆರೆಯಿತು. ಈ ಸಲ ಬಂದರಿನಲ್ಲಿ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಅಂತ ಒಬ್ಬ ಅಧಿಕಾರಿ, ಅಂದರೆ ವಲಸಿಗರ ರಕ್ಷಕ. ಆಮೇಲೆ 1864, 1871, 1883ರಲ್ಲಿ ದೊಡ್ಡ ದೊಡ್ಡ ಕಾಯ್ದೆಗಳು ಬಂದವು, ಒಂದೊಂದು ಅನಾಹುತಕ್ಕೂ ಒಂದೊಂದು ಕಲಮು ಸೇರಿದ ಹಾಗೆ.

ಜಾಗದ ಲೆಕ್ಕ: ದೊಡ್ಡವರಿಗೆ ತಲೆಗೆ 12 ಚದರ ಅಡಿ, 72 ಘನ ಅಡಿ. ಇದು ಅರ್ಥವಾಗಬೇಕಾದರೆ ಚಾಕ್‌ಪೀಸ್ ತಗೊಳ್ಳಿ. ನಾನು ಇದನ್ನು ಬರೆಯೋಕೆ ಮುಂಚೆ ಹಾಲ್‌ನಲ್ಲಿ ಆರಡಿ ಉದ್ದ, ಎರಡಡಿ ಅಗಲಕ್ಕೆ ಗೆರೆ ಎಳೆದು ನೋಡಿದೆ. ಮನೆಯ ಚಾಪೆ ಹಾಸಿದರೆ ಗೆರೆಯಿಂದ ಆಚೆ ಬಂತು. ಒಳಗೆ ಮಲಗಿ ಮಗ್ಗುಲಾದರೆ ಮೊಣಕೈ ಪಕ್ಕದವರ ಹೊಟ್ಟೆಗೆ. ನಿಮ್ಮ ಗಂಟುಮೂಟೆಯನ್ನೂ ಅದರೊಳಗೇ ಇಟ್ಟುಕೊಳ್ಳಿ, ಹಡಗು ಹೊಯ್ದಾಡುತ್ತಿದೆ ಅಂದುಕೊಳ್ಳಿ, ಪಕ್ಕದವರಿಗೆ ವಾಂತಿ, ಹಾಗೆ ಮೂರು ತಿಂಗಳು. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳು ಸೇರಿದರೆ ಒಬ್ಬ ದೊಡ್ಡವನ ಲೆಕ್ಕ, ನಮ್ಮ ಬಸ್ಸಿನ ಅರ್ಧ ಟಿಕೆಟ್ ಇದ್ದ ಹಾಗೆ.

ಮಲಗುವ ವ್ಯವಸ್ಥೆಗೂ ನಿಯಮವಿತ್ತು: ಒಂಟಿ ಗಂಡಸರು ಹಡಗಿನ ಮುಂಭಾಗಕ್ಕೆ, ಸಂಸಾರಸ್ಥರು ನಡುವೆ, ಒಂಟಿ ಹೆಂಗಸರು ಹಿಂಭಾಗಕ್ಕೆ.

ಪ್ರ: ಊಟ? ಮಡಿ ಮೈಲಿಗೆ ಜಾತಿ ಎಲ್ಲ ಏನು ಮಾಡಿದರು? (ಉಡುಪಿಯ ಓದುಗರು)

ಉಡುಪಿಯವರಿಂದ ಬೇರೆ ಪ್ರಶ್ನೆ ಬರುತ್ತಾ! ಅಕ್ಕಿ, ಬೇಳೆ, ತುಪ್ಪ, ಸಾಸಿವೆ ಎಣ್ಣೆ, ಹುಣಸೆ, ಅರಿಶಿನ, ಈರುಳ್ಳಿ, ಒಣಮೀನು, ಹೊಗೆಸೊಪ್ಪು. ಇದನ್ನೆಲ್ಲ ಸರ್ಕಾರವೇ ತೂಕ ಹಾಕಿ ಪಟ್ಟಿ ಮಾಡಿತ್ತು. ಕುರಿಗಳನ್ನು ಜೀವಂತ ಹತ್ತಿಸುತ್ತಿದ್ದರು. ಬಿರುಗಾಳಿಯ ದಿನ ಒಲೆ ಹಚ್ಚುವ ಹಾಗಿಲ್ಲ, ಆವತ್ತು ಅವಲಕ್ಕಿ, ಕಡಲೆ, ಸಕ್ಕರೆ. ಅವಲಕ್ಕಿ ಅಟ್ಲಾಂಟಿಕ್ ಸಾಗರ ದಾಟಿದೆ ಅಂದರೆ ನಮ್ಮ ಅಜ್ಜಿ ನಂಬುತ್ತಿರಲಿಲ್ಲ.

ಅಡುಗೆಗೆ ಭಂಡಾರಿಗಳು ಅಂತ ಇದ್ದರು. ಯಾರೂ ಬೇಡ ಅನ್ನಬಾರದು ಅಂತ ಆದಷ್ಟು ಮೇಲು ಜಾತಿಯವರನ್ನೇ ಆ ಕೆಲಸಕ್ಕೆ ಹುಡುಕುತ್ತಿದ್ದರು. ಆದರೆ ನೀರಿನ ಪೀಪಾಯಿ ಒಂದೇ, ಸಾಲು ಒಂದೇ. ಕಾಲಾಪಾನಿ, ಅಂದರೆ ಸಮುದ್ರ, ದಾಟಿದರೆ ಜಾತಿ ಹೋಯಿತು ಅಂತ ಅತ್ತವರಿದ್ದಾರೆ. ಹೋದದ್ದೇ ಒಳ್ಳೆಯದಾಯ್ತು ಅಂದುಕೊಂಡವರೂ ಇದ್ದಿರಬೇಕು, ಅವರ ಮಾತು ಯಾರೂ ಬರೆದಿಡಲಿಲ್ಲ. ಒಂದೇ ಹಡಗಿನಲ್ಲಿ ಬಂದವರು ಸಾಯುವವರೆಗೂ ಜಹಾಜಿ ಭಾಯಿ, ಜಹಾಜಿ ಬೆಹನ್. ಹಡಗಿನ ಬಂಧುಗಳ ಮಕ್ಕಳ ನಡುವೆ ಮದುವೆ ಕೂಡ ಮಾಡುತ್ತಿರಲಿಲ್ಲ ಅನ್ನುವಷ್ಟು ಅಂಟು.

ಪ್ರ: ಇದೆಲ್ಲ ಓದಿದರೆ ಬ್ರಿಟಿಷರು ನಮ್ಮವರನ್ನು ಅಳಿಯಂದಿರ ಹಾಗೆ ಕರೆದುಕೊಂಡು ಹೋದರು ಅನ್ನಿಸುತ್ತೆ. ಕಳೆದ ಸಲವೂ ನೀವು ಹೊಗಳಿಕೆಯ ಧಾಟಿಯಲ್ಲೇ ಬರೆದಿರಿ. ನಾಚಿಕೆಯಾಗಬೇಕು. (ಬೆಳಗಾವಿಯ ಓದುಗರು)

ಬೈಗುಳವನ್ನು ಅರ್ಧ ಕತ್ತರಿಸಿ ಹಾಕಿದ್ದೇನೆ, ಕ್ಷಮಿಸಿ. ಹೊಗಳಿಲ್ಲ ಸ್ವಾಮಿ. ಬೇಳೆ ತೂಗಿ ಕೊಟ್ಟಿದ್ದು ಪ್ರೀತಿಯಿಂದ ಅಂತ ನಾನು ಎಲ್ಲೂ ಹೇಳಿಲ್ಲ. ಒಬ್ಬೊಬ್ಬರನ್ನು ಕರೆಸಿಕೊಳ್ಳೋಕೂ ತೋಟದವರು, ವಸಾಹತು ಸರ್ಕಾರ ದುಡ್ಡು ಸುರಿದಿದ್ದರು, ಸತ್ತರೆ ಅದು ನೀರುಪಾಲು.

ನಿಮಗಾಗಿ ಲೆಕ್ಕದ ಇನ್ನೊಂದು ಮಗ್ಗುಲು. ರಕ್ಷಕ ಇದ್ದ, ಕಾಯ್ದೆ ಇತ್ತು, ಹಡಗಿನಲ್ಲಿ ಡಾಕ್ಟರೂ ಇದ್ದ. ಆದರೂ 1856-57ರಲ್ಲಿ ಕಲ್ಕತ್ತಾದಿಂದ ವೆಸ್ಟ್ ಇಂಡೀಸ್‌ಗೆ ಹೋದ ಹಡಗುಗಳಲ್ಲಿ ಸರಾಸರಿ ನೂರಕ್ಕೆ 17 ಜನ ದಾರಿಯಲ್ಲಿ ಸತ್ತರು. ಆರು ಜನ ಹತ್ತಿದರೆ ಒಬ್ಬರು ಇಳಿಯಲಿಲ್ಲ. ಕಾರಣ ಹುಡುಕಲು ಡಾಕ್ಟರ್ ಮೌಆಟ್ ಅನ್ನುವವರಿಗೆ ಹೇಳಿದರು. ಕಾಲರಾ, ಭೇದಿ, ಹೂಗ್ಲಿ ನದಿಯ ನೀರನ್ನೇ ಪೀಪಾಯಿಗೆ ತುಂಬಿಸಿದ್ದು, ಹಡಗು ಹತ್ತುವ ಮುಂಚೆ ಜನರನ್ನು ಇರಿಸುವ ಡಿಪೋಗೆ ಬರುವಾಗಲೇ ಬಡಕಲಾಗಿದ್ದವರನ್ನು ಲೆಕ್ಕ ತುಂಬಿಸಲು ಹತ್ತಿಸಿದ್ದು, ಎದೆಹಾಲು ಬತ್ತಿದ ತಾಯಂದಿರ ಕೈಯಲ್ಲಿ ಕೂಸುಗಳು. ಎಲ್ಲ ಸೇರಿತ್ತು.

1858ರ ಮಾರ್ಚ್‌ನಲ್ಲಿ ಸಾಲ್ಸೆಟ್ ಅನ್ನುವ ಹಡಗು ಕಲ್ಕತ್ತಾ ಬಿಟ್ಟು ಟ್ರಿನಿಡಾಡ್‌ಗೆ ಹೊರಟಿತು. 320ರ ಮೇಲೆ ಜನ. ಮೂರೂವರೆ ತಿಂಗಳ ಪ್ರಯಾಣದಲ್ಲಿ ಸುಮಾರು 120 ಜನ ಸತ್ತರು. ಕ್ಯಾಪ್ಟನ್ ಸ್ವಿಂಟನ್ ಮತ್ತು ಅವನ ಹೆಂಡತಿ ಬರೆದ ದಿನಚರಿ 1859ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹಡಗಿನ ದಿನಚರಿ ಅಂದರೆ ಗಾಳಿ ಯಾವ ಕಡೆ, ಎಷ್ಟು ಮೈಲಿ ಅಂತ ಇರಬೇಕಲ್ಲ. ಇದರಲ್ಲಿ ತಾರೀಖು, ಪಕ್ಕದಲ್ಲಿ ಒಂದು ಮಗು ಸತ್ತಿತು. ಮಾರನೇ ತಾರೀಖು, ಒಬ್ಬ ಹೆಂಗಸು. ಹೆಸರು ಕೂಡ ಇಲ್ಲ ಬಹಳ ಕಡೆ. ಸಾಲು ಸಾಲಾಗಿ ಹೀಗೇ. ಇಂಥವರನ್ನು ಹತ್ತಿಸಲೇಬಾರದಿತ್ತು ಅನ್ನುವ ಸಿಟ್ಟು ಆ ಹೆಂಗಸಿನ ಬರವಣಿಗೆಯಲ್ಲಿದೆ.

ಇದಾದ ಮೇಲೆ ಡಿಪೋದಲ್ಲಿ ತಪಾಸಣೆ ಬಿಗಿಯಾಯಿತು, ಸಮುದ್ರದ ನೀರನ್ನು ಕಾಯಿಸಿ ಸಿಹಿನೀರು ಮಾಡುವ ಯಂತ್ರ ಹಡಗಿಗೆ ಬಂತು, ಆಫ್ರಿಕಾದ ತುದಿ ಸುತ್ತುವಾಗ ಕೊರೆಯುವ ಚಳಿ ಸಿಗದ ಹಾಗೆ ಹೊರಡುವ ತಿಂಗಳನ್ನೇ ಕಾಯ್ದೆ ಗೊತ್ತುಮಾಡಿತು, ಕಂಬಳಿ ಕೊಟ್ಟರು. ಶತಮಾನದ ಕೊನೆಗೆ ಬಹುತೇಕ ಹಡಗುಗಳಲ್ಲಿ ಸಾವು ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಅದನ್ನೂ ಹೇಳಲೇಬೇಕು, ನೀವು ಮತ್ತೆ ಬೈದರೂ ಸರಿ. ಬರೀ ನಮ್ಮವರನ್ನೇ ಹೀಗೆ ಮಾಡಿದರು ಅಂತಲೂ ಅಲ್ಲ. 1852ರಲ್ಲಿ ಅದೇ ಲಂಡನ್ ಆಯೋಗ ಬಾಡಿಗೆಗೆ ಹಿಡಿದ ಟಿಕೊಂಡೆರೋಗಾ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟ ಸುಮಾರು 800 ಬ್ರಿಟಿಷ್ ಬಡವರಲ್ಲಿ ನೂರು ಜನ ಸಮುದ್ರದಲ್ಲೇ ಸತ್ತರು, ಇಳಿದ ಮೇಲೆ ಇನ್ನಷ್ಟು.

ಪ್ರ: ಒಂಟಿ ಹೆಂಗಸರನ್ನು ಹಿಂಭಾಗದಲ್ಲಿ ಮಲಗಿಸುತ್ತಿದ್ದರು ಅಂತೀರಿ. ಅಷ್ಟರಿಂದಲೇ ಅವರು ಸುರಕ್ಷಿತವಾಗಿದ್ದರಾ? (ಶಿವಮೊಗ್ಗದ ಓದುಗರು)

ಇರಲಿಲ್ಲ ಅಕ್ಕ. ನೂರು ಗಂಡಸರಿಗೆ 40 ಹೆಂಗಸರಾದರೂ ಇರಬೇಕು ಅಂತ ನಿಯಮ ಮಾಡಿದ್ದರು. ಆ ಲೆಕ್ಕ ತುಂಬಿಸಲು ಅರ್ಕಾಟಿಗಳು, ಅಂದರೆ ಜನ ಹಿಡಿಯುವ ದಲ್ಲಾಳಿಗಳು, ತೀರ್ಥಕ್ಷೇತ್ರದಲ್ಲಿ ದಿಕ್ಕುತಪ್ಪಿದ ವಿಧವೆಯರನ್ನು, ಮನೆ ಬಿಟ್ಟು ಬಂದವರನ್ನು ಹುಡುಕುತ್ತಿದ್ದರು. ನಾವಿಕರು ಹೆಂಗಸರ ಕಡೆ ಹೋಗಬಾರದು ಅಂತ ಇತ್ತು, ಕಾವಲು ಇತ್ತು. ಆದರೆ ಕಾವಲುಗಾರ ಕಣ್ಣು ಮುಚ್ಚಿಕೊಂಡರೆ? ಅಥವಾ ಅವನೇ?

1885ರಲ್ಲಿ ಅಲನ್‌ಷಾ ಅನ್ನುವ ಹಡಗು ಕಲ್ಕತ್ತಾದಿಂದ ಬ್ರಿಟಿಷ್ ಗಯಾನಾಕ್ಕೆ ಹೋಯಿತು. ಮಹಾರಾಣಿ ಅನ್ನುವ ಹೆಸರಿನ ಯುವತಿ ದಾರಿಯಲ್ಲಿ ತೀರಿಕೊಂಡಳು. ನಾವಿಕರು ತನ್ನ ಮೇಲೆ ಅತ್ಯಾಚಾರ ಮಾಡಿದರು ಅಂತ ಸಾಯುವ ಮುಂಚೆ ಜೊತೆಯ ಇಬ್ಬರು ಹೆಂಗಸರಿಗೆ ಹೇಳಿದ್ದಳು. ಅವರು ಅಲ್ಲಿ ಇಳಿದ ಮೇಲೆ ಬಾಯಿಬಿಟ್ಟರು. ಆಯೋಗ ಕೂತಿತು, ಸಾಕ್ಷಿಗಳನ್ನು ಕೇಳಿತು, ಅತ್ಯಾಚಾರ ಸಾಬೀತಾಗಿಲ್ಲ ಅಂತ ಮುಗಿಸಿತು. ಡಾಕ್ಟರ್, ಕ್ಯಾಪ್ಟನ್, ನಾವಿಕರು, ಗಿರ್ಮಿಟ್ ಹೆಂಗಸರು ಎಲ್ಲರ ಹೇಳಿಕೆಯೂ ಆ ದಾಖಲೆಯಲ್ಲಿದೆ. ಇಲ್ಲದ್ದು ಮಹಾರಾಣಿಯದ್ದು ಮಾತ್ರ.

ಇಳಿದ ಮೇಲೆ ಅಧಿಕಾರಿಯೊಬ್ಬ ಬಂದು ‘ಏನಾದರೂ ದೂರು ಇದೆಯಾ’ ಅಂತ ಕೇಳುವ ಪದ್ಧತಿ ಇತ್ತು. ಮೂರು ತಿಂಗಳು ಅನ್ನ ಅಳೆದವರು ಪಕ್ಕದಲ್ಲೇ ನಿಂತಿರುತ್ತಾರೆ, ಹೊಸ ಊರು, ಹೊಸ ಭಾಷೆ. ಬಾಯಿಬಿಟ್ಟ ಆ ಇಬ್ಬರು ಹೆಂಗಸರ ಧೈರ್ಯ ಎಷ್ಟಿರಬೇಕು ಯೋಚಿಸಿ.

ಪ್ರ: ಹಡಗು ಮುಳುಗಿದ್ದೂ ಉಂಟಾ? (ಕಾರವಾರದ ವಿದ್ಯಾರ್ಥಿ)

ಉಂಟು. ಆದರೆ ರೋಗದಲ್ಲಿ ಸತ್ತವರ ಮುಂದೆ ಮುಳುಗಿ ಸತ್ತವರು ಕಡಿಮೆ. ಸಿರಿಯಾ ಅನ್ನುವ ಹಡಗು 1884ರ ಮೇ 11ರ ರಾತ್ರಿ ಫಿಜಿಯ ನಸಿಲಾಯಿ ಬಂಡೆಸಾಲಿಗೆ ಬಡಿಯಿತು. 497 ಜನರಲ್ಲಿ 56 ಜನ ಸತ್ತರು. ದಡ ಕಾಣುವಷ್ಟು ಹತ್ತಿರವಿತ್ತು, ಅದೇ ಸಂಕಟ. ವಿಲಿಯಂ ಮೆಕ್‌ಗ್ರೆಗರ್ ಅನ್ನುವ ಸರ್ಕಾರಿ ಡಾಕ್ಟರ್ ತಾನೇ ನೀರಿಗಿಳಿದು ಜನರನ್ನು ಎಳೆದು ತಂದ, ಸ್ಥಳೀಯ ಫಿಜಿ ಹಳ್ಳಿಗರೂ ಸೇರಿಕೊಂಡರು.

ಪ್ರ: ನಮ್ಮ ಮುತ್ತಜ್ಜನ ಅಣ್ಣ ಬೆಂಗಳೂರು ಕಡೆಯಿಂದ ಮದ್ರಾಸಿಗೆ ಹೋಗಿ ‘ನೇಟಾಲ್’ ಹಡಗು ಹತ್ತಿದರು ಅಂತ ಮನೆಯಲ್ಲಿ ಮಾತು. ಹುಡುಕೋಕೆ ಸಾಧ್ಯನಾ? ಕನ್ನಡದವರೂ ಹೋಗಿದ್ರಾ? (ಕೋಲಾರದ ಓದುಗರು)

ಸಾಧ್ಯ, ಅದಕ್ಕೆ ಕಾರಣವೂ ಈ ನಿಗಾದ ಕಾಗದಗಳೇ. ಹತ್ತುವ ಪ್ರತಿಯೊಬ್ಬರಿಗೂ ಎಮಿಗ್ರೇಷನ್ ಪಾಸ್ ಕೊಡುತ್ತಿದ್ದರು. ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಎತ್ತರ, ಮೈಮೇಲಿನ ಗುರುತು. ‘ಎಡ ಹುಬ್ಬಿನ ಮೇಲೆ ಗಾಯದ ಕಲೆ’ ಅನ್ನುವಂಥ ಸಾಲುಗಳು. ಕೆಳಗೆ ರಕ್ಷಕನ ಸಹಿ. ಓಡಿಹೋದರೆ ಹಿಡಿಯಲಿಕ್ಕೆ ಅಂತಲೇ ಬರೆದುಕೊಂಡದ್ದು, ಈಗ ಮರಿಮೊಮ್ಮಕ್ಕಳಿಗೆ ಮುತ್ತಜ್ಜನ ಮುಖದ ಗುರುತು ಅದೊಂದೇ.

ನಟಾಲ್‌ಗೆ, ಅಂದರೆ ಈಗಿನ ದಕ್ಷಿಣ ಆಫ್ರಿಕಾದ ಡರ್ಬನ್ ಕಡೆಗೆ, ಮದ್ರಾಸಿನಿಂದ ಹೊರಟ ಮೊದಲ ಹಡಗು ಟ್ರೂರೋ. 1860ರ ನವೆಂಬರ್ 16ರಂದು 342 ಜನರ ಜೊತೆ ತಲುಪಿತು. 1911ರವರೆಗೆ ಅಲ್ಲಿಗೆ ಒಂದೂವರೆ ಲಕ್ಷ ಜನ ಹೋದರು. ಆ ಪಟ್ಟಿಗಳು ಉಳಿದಿವೆ. ಹೆಚ್ಚಿನವರು ತಮಿಳು, ತೆಲುಗು ಜಿಲ್ಲೆಗಳವರು; ಮೈಸೂರು, ಬೆಂಗಳೂರು ಅಂತ ಬರೆದ ಹೆಸರುಗಳೂ ಅದರಲ್ಲಿವೆ. ಒಂದು ಎಚ್ಚರ: ಕಾಗುಣಿತ ನಂಬಬೇಡಿ. ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದದ್ದೇ ಬರಹ. ಮುನಿಯಪ್ಪ ಹತ್ತು ರೀತಿಯಲ್ಲಿ ಸಿಗಬಹುದು. ಊರು, ಅಪ್ಪನ ಹೆಸರು, ವರ್ಷ ಮೂರೂ ಹೊಂದಿಸಿ ನೋಡಿ. ಮಾರಿಷಸ್‌ಗೆ ಹೋದವರಾದರೆ ಅಲ್ಲಿನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ದಾಖಲೆಗಳಿವೆ, ಕೆಲವರ ಫೋಟೋ ಕೂಡ. ಸಿಕ್ಕಿದರೆ ದಯವಿಟ್ಟು ನನಗೊಂದು ಕಾಗದ ಹಾಕಿ.

ಪ್ರ: ಆ ‘ವಲಸಿಗರ ರಕ್ಷಕ’ ಹುದ್ದೆ ಯಾವಾಗ ರದ್ದಾಯಿತು? (ಭಟ್ಕಳದ ಓದುಗರು)

ರದ್ದೇ ಆಗಿಲ್ಲ! ಇದೇ ಪ್ರಶ್ನೆ ಕೊನೆಗೆ ಬರಲಿ ಅಂತ ಎತ್ತಿಟ್ಟಿದ್ದೆ. ಗಿರ್ಮಿಟ್ ನಿಲ್ಲಿಸಿ ಅಂತ ಗೋಖಲೆ 1912ರಲ್ಲಿ ಶಾಸನಸಭೆಯಲ್ಲಿ ನಿರ್ಣಯ ತಂದರು, ಸೋತಿತು. 1916ರಲ್ಲಿ ಮಾಳವೀಯರು ತಂದದ್ದನ್ನು ವೈಸರಾಯ್ ಒಪ್ಪಿದ, ಮರುವರ್ಷ ನೇಮಕ ನಿಂತಿತು. 1922ರಲ್ಲಿ ಹೊಸ ವಲಸೆ ಕಾಯ್ದೆ, ಆಮೇಲೆ 1983ರಲ್ಲಿ ಇನ್ನೊಂದು. ಹುದ್ದೆ ಮಾತ್ರ ಅದೇ ಹೆಸರಿನಲ್ಲಿ ಮುಂದುವರಿಯಿತು, ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್.

ಭಟ್ಕಳದವರಿಗೆ ನಾನು ಇದನ್ನು ಹೇಳಬೇಕಾ? ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟ್ ತೆಗೆದು ನೋಡಿ, ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು, ಅಂತ ಇರುತ್ತೆ. ಅಂಥವರು ಗಲ್ಫ್ ದೇಶಕ್ಕೆ ಕೆಲಸಕ್ಕೆ ಹೋಗಬೇಕಾದರೆ ಈ ಕಚೇರಿಯ ಒಪ್ಪಿಗೆ ಬೇಕು. ಕರಾರು ಪತ್ರ ತೋರಿಸಬೇಕು, ಸಂಬಳ ಎಷ್ಟು ಅಂತ ಬರೆದಿರಬೇಕು. ನನ್ನ ಪರಿಚಯದ ಹುಡುಗನೊಬ್ಬ ಕೆಲವು ವರ್ಷದ ಹಿಂದೆ ಹೀಗೇ ಎಲ್ಲ ಮುದ್ರೆ ಹಾಕಿಸಿಕೊಂಡು ಹೋದ. ಅಲ್ಲಿ ಇಳಿದ ದಿನ ಏಜೆಂಟಿನ ಕಡೆಯವರು ಪಾಸ್‌ಪೋರ್ಟ್ ಇಸಿದುಕೊಂಡು ಬೇರೆ ಕರಾರು ಕೊಟ್ಟರು, ಅರ್ಧ ಸಂಬಳದ್ದು. ವಾಪಸ್ ಬರೋಕೆ ಎರಡು ವರ್ಷ ಹಿಡಿಯಿತು. ಇಲ್ಲಿ ಒಪ್ಪಿಗೆ ಪಡೆದ ಕರಾರಿನ ಪ್ರತಿಯನ್ನು ಅವನ ಅಮ್ಮ ಮಡಚಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳು. ಹೊರಡುವವರು ನಿಮ್ಮ ಮನೆಯಲ್ಲಿ ಇದ್ದರೆ ಅದರ ಫೋಟೋ ಮೊಬೈಲಿನಲ್ಲಿ ತೆಗೆದು ಮೂರು ಜನರಿಗಾದರೂ ಕಳಿಸಿಡಿ.